ಕೇಳದೆ ಉಳಿದ ಮಾತು

ವರದಾ ನದಿಯ ದಂಡೆಯಲ್ಲಿ ಅಡವಯ್ಯಜ್ಜನವರ ಆಶ್ರಮ. ಎರಡು ಕೋಣೆ, ಒಂದು ಬೇವಿನ ಮರ, ನೀರಿಗಿಳಿಯಲು ಕೆಲವು ಮೆಟ್ಟಿಲು. ಅಷ್ಟೇ.

ಅಲ್ಲಿ ದ್ಯಾಮಣ್ಣ ಎಂಬ ಶಿಷ್ಯನಿದ್ದ. ಐವತ್ತೊಂದು ವರ್ಷದವನು. ಹಿಂದೆ ತಾಲ್ಲೂಕು ಊರೊಂದರಲ್ಲಿ ಆಂಬುಲೆನ್ಸ್ ಓಡಿಸುತ್ತಿದ್ದ. ಹೆಂಡತಿ ಕಸ್ತೂರಿ ತೀರಿಕೊಂಡ ಮೇಲೆ ಗಾಡಿಯ ಕೀಲಿಕೈಯನ್ನು ಆಸ್ಪತ್ರೆಯ ಮೇಜಿನ ಮೇಲಿಟ್ಟು, ನದಿಯ ಕಡೆ ನಡೆದು ಬಂದಿದ್ದ.

ಆರು ವರ್ಷವಾಗಿತ್ತು. ನೀರು ತರುತ್ತಿದ್ದ, ಅಂಗಳ ಗುಡಿಸುತ್ತಿದ್ದ, ರೊಟ್ಟಿ ಬಡಿಯುತ್ತಿದ್ದ. ಇಷ್ಟು ದಿನದಲ್ಲಿ ಗುರುವಿನ ಮುಂದೆ ಒಂದು ಪ್ರಶ್ನೆಯನ್ನೂ ಇಟ್ಟಿರಲಿಲ್ಲ.

ಒಂದು ಬೆಳಿಗ್ಗೆ ಬಂದು ಕೈಮುಗಿದು ನಿಂತ.

“ಅಜ್ಜಾರ, ಕಾಲೇಜು ಸೇರಬೇಕಂತ ಮಾಡೇನಿ.”

“ಯಾವಾಗ ಹೊರಡ್ತಿ?”

“ಹೊರಡಂಗಿಲ್ರಿ. ಕಾಲೇಜು ಫೋನಿನಾಗ ಬರತೈತಿ. ಮನುಷ್ಯಾನ ಶರೀರ ಹೆಂಗ ನಡೀತೈತಿ ಅನ್ನೋ ಪಾಠ. ಹನ್ನೆರಡು ವಾರ. ಕಡೀಕ ಪರೀಕ್ಷೆ.”

“ಪರೀಕ್ಷೆ ಆದ ಮ್ಯಾಲೆ?”

ದ್ಯಾಮಣ್ಣ ಮೂಲೆಯ ಕಸಬರಿಗೆ ಎತ್ತಿಕೊಂಡ.

ಅಜ್ಜ ಅವನ ಮುಖ ನೋಡಿದರು.

“ಓದು. ಆದರ ದಿನಾ ಸಂಜೀಕ, ಕಲ್ತದ್ದು ಒಂದು ನನಗೂ ಹೇಳಬೇಕು. ಎಂಬತ್ತು ವರ್ಷದಿಂದ ಈ ಶರೀರದಾಗ ವಾಸ ಅದೀನಿ. ಒಳಗ ಏನೈತಿ ಗೊತ್ತಿಲ್ಲ.”

ಫೋನಿಗೆ ಸಿಗ್ನಲ್ ಸಿಗುತ್ತಿದ್ದುದು ದಂಡೆಯ ಮೇಲಿನ ದಿಬ್ಬದಲ್ಲಿ ಮಾತ್ರ. ದ್ಯಾಮಣ್ಣ ಕೆಲಸ ಮುಗಿಸಿ ಅಲ್ಲಿ ಹೋಗಿ ಕೂರುತ್ತಿದ್ದ. ಪಿಯುಸಿಯಲ್ಲಿ ವಿಜ್ಞಾನ ಓದಿದ್ದ. ಅದಾಗಿ ಮೂವತ್ತಕ್ಕೂ ಹೆಚ್ಚು ವರ್ಷ ಕಳೆದಿತ್ತು. ಪಾಠ ಮಾಡುವ ಸುಲೋಚನಾ ಮೇಡಂ ಇಂಗ್ಲಿಷಿನಲ್ಲಿ ಒಂದು ವಾಕ್ಯ ಹೇಳಿದರೆ, ಅದನ್ನು ನಿಲ್ಲಿಸಿ, ಹಿಂದಕ್ಕೆ ಎಳೆದು, ಮೂರು ಸಲ ಕೇಳಿ ಆಮೇಲೆ ಬರೆದುಕೊಳ್ಳುತ್ತಿದ್ದ.

ಮೊದಲ ಸಂಜೆ ಹೇಳಿದ:

“ಮೈಯಾಗಿನ ರಕ್ತ ಒಂದು ನಿಮಿಷದಾಗ ಇಡೀ ಮೈ ಸುತ್ತಿ ಬರತೈತ್ರಿ.”

“ಎಲ್ಲಿಗಿ ಹೋಗೋ ಅವಸರ ಅದಕ್ಕ?”

“ಎಲ್ಲಿಗೂ ಇಲ್ರಿ. ತಿರುಗಿ ಎದಿಗೇ ಬರತೈತಿ.”

ಅಜ್ಜ ಗಟ್ಟಿಯಾಗಿ ನಕ್ಕರು.

ಇನ್ನೊಂದು ಸಂಜೆ:

“ಒಂದು ಬಡಿತಕ್ಕೂ ಇನ್ನೊಂದು ಬಡಿತಕ್ಕೂ ನಡುವ ಎದಿ ದಣಿವಾರಿಸಿಕೋತೈತ್ರಿ. ದುಡಿಯೋ ಹೊತ್ತಿಗಿಂತ ಆ ಹೊತ್ತ ಹೆಚ್ಚು.”

“ಹಂಗಾರ ನಾಳಿಂದ ನಾ ಮಧ್ಯಾಹ್ನ ಮಲಗಿದ್ರ ಎಬ್ಬಿಸಬ್ಯಾಡ.”

ಮೂರನೆಯ ವಾರದಲ್ಲಿ ಒಂದು ಸಂಜೆ ಇಬ್ಬರೂ ಊಟಕ್ಕೆ ಕುಳಿತಿದ್ದರು.

“ರಕ್ತದಾಗಿನ ಕೆಂಪು ಕಣಕ್ಕ ನೂರಾ ಇಪ್ಪತ್ತು ದಿನ ಆಯುಷ್ಯ. ಆಮ್ಯಾಲೆ ಅದು ಹೋಗಿ ಹೊಸದು ಬರತೈತಿ,” ಎಂದ ದ್ಯಾಮಣ್ಣ. ಅಲ್ಲಿಗೆ ನಿಲ್ಲಿಸಿದ.

“ಮುಂದ?”

“ಆಕಿ ಇದ್ದಾಗ ನನ್ನ ಮೈಯಾಗ ಹರೀತಿದ್ದ ರಕ್ತದಾಗ ಒಂದು ಕಣ ಸೈತ ಈಗ ಉಳಿದಿಲ್ರಿ, ಅಜ್ಜಾರ.”

ಅಜ್ಜ ತಮ್ಮ ರೊಟ್ಟಿಯನ್ನು ಮುರಿದು, ದೊಡ್ಡ ಚೂರನ್ನು ಅವನ ತಾಟಿಗೆ ಹಾಕಿದರು.

ಐದನೆಯ ವಾರ ಮೂತ್ರಪಿಂಡದ ಪಾಠ ನಡೆಯುತ್ತಿತ್ತು. ದ್ಯಾಮಣ್ಣ ಸಂಜೆ ಬಂದು ಕಿವಿಯ ವಿಷಯ ಹೇಳಿದ. ಕಿವಿಯೊಳಗೆ ಸುತ್ತಿಗೆ, ಕಮ್ಮಾರನ ಅಡಿಗಲ್ಲು, ಕುದುರೆ ಸವಾರ ಕಾಲಿಡುವ ರಿಕಾಪು ಅಂತ ಮೂರು ಸಣ್ಣ ಎಲುಬು ಇರುತ್ತವೆ ಎಂದ. ಮರುದಿನವೂ ಕಿವಿ. ಅದರ ಮರುದಿನವೂ ಕಿವಿ.

“ಮೇಡಂ ಈ ವಾರ ಕಿವಿ ಕಲಸಾಕತ್ತಾರೇನು?” ಎಂದರು ಅಜ್ಜ.

“ಇಲ್ರಿ. ನಾನ ಮುಂದ ಹೋಗಿ ಓದಾಕತ್ತೀನಿ.”

ಭಾನುವಾರ ಬೆಳಿಗ್ಗೆ ಮೇಡಂ ಎಲ್ಲರೊಂದಿಗೆ ನೇರವಾಗಿ ಮಾತಾಡುತ್ತಿದ್ದರು. ಯಾರು ಬೇಕಾದರೂ ಪ್ರಶ್ನೆ ಕೇಳಬಹುದಿತ್ತು. ಆ ಭಾನುವಾರ ದ್ಯಾಮಣ್ಣ ಮೊದಲ ಸಲ ಬಾಯಿ ತೆರೆದ.

“ಮೇಡಂ, ಕನ್ನಡದಾಗ ಕೇಳಲೇನ್ರಿ?”

“ಕೇಳಿ ಸರ್, ಪರವಾಗಿಲ್ಲ.”

“ಒಬ್ಬಾಕಿ ಹೆಣ್ಮಗಳು. ನಲವತ್ತನಾಲ್ಕು ವರ್ಷ. ಹಾರ್ಟ್ ಅಟ್ಯಾಕ್. ಗಾಡಿಯಾಗ ನಲವತ್ತು ನಿಮಿಷ. ಕಣ್ಣು ಮುಚ್ಚಿದ ಮ್ಯಾಲೂ ಆಕಿಗಿ ಕಿವಿ ಕೇಳಸ್ತಾವೇನ್ರಿ? ಗಾಡಿ ಹೊಡ್ಯಾಕತ್ತಾವ ಯಾರು ಅಂತ ಗೊತ್ತಿರತೈತೇನ್ರಿ?”

ತೆರೆಯ ಮೇಲೆ ಅರವತ್ತು ಹೆಸರುಗಳಿದ್ದವು.

ಮೇಡಂ ಕನ್ನಡಕ ತೆಗೆದರು.

“ಕೊನೆವರೆಗೂ ಕೇಳಿಸುತ್ತಿರಬಹುದು ಅನ್ನೋ ಅಧ್ಯಯನಗಳಿವೆ ಸರ್. ಆದರೆ ಅವರಿಗೆ ಕೇಳಿಸಿತಾ, ಗೊತ್ತಿತ್ತಾ ಅಂತ ನಾನು ಹೇಳೋಕಾಗಲ್ಲ. ನಾನು ಅಲ್ಲಿರಲಿಲ್ಲ.”

ಸಂಜೆ ದ್ಯಾಮಣ್ಣ ಬರಿಗೈಯಲ್ಲಿ ಬಂದು ಕುಳಿತ.

“ಅಷ್ಟು ಓದಿದವರ್ರಿ. ಅವರಿಗೂ ಗೊತ್ತಿಲ್ಲಂತ.”

“ಏನಂದ್ರು? ಅವರಂದಂಗ ಹೇಳು.”

“ನಾನು ಅಲ್ಲಿರಲಿಲ್ಲ ಅಂದ್ರು.”

“ಅಲ್ಲಿ ಯಾರಿದ್ರು?”

ದ್ಯಾಮಣ್ಣ ನದಿಯ ಕಡೆ ತಿರುಗಿ ಕುಳಿತ.

“ಜರೀನಾ ಸಿಸ್ಟರ್ ಅಂತ, ನನ್ನ ಗಾಡಿ ನರ್ಸ್. ಹಿಂದ ಕಸ್ತೂರಿ ಬಾಜೂಕ ಕುಂತಿದ್ರು. ನನಗೂ ಅವರಿಗೂ ನಡುವ ಒಂದು ಕಿಂಡಿ. ನಾ ತಿರುಗಿ ನೋಡೂವಂಗಿರಲಿಲ್ಲ. ಜಿಲ್ಲಾ ಆಸ್ಪತ್ರೆ ಮುಟ್ಟಿ ಹಿಂದಿನ ಬಾಗಲಾ ತೆಗೆದಾಗ ಎಲ್ಲಾ ಮುಗದಿತ್ತು.”

“ಆ ಸಿಸ್ಟರನ್ನ ಕೇಳಿದೇನು?”

“ಇಲ್ರಿ.”

“ಆರು ವರ್ಷದಾಗ ಒಮ್ಮೆನೂ?”

“ಆಕಿ ಮಣ್ಣಿಗೆ ಬಂದಿದ್ರು. ಏನೋ ಹೇಳಾಕ ಹತ್ರ ಬಂದ್ರು. ನಾ ಮಾರಿ ತಿರುವಿದೆ.” ಅವನ ದನಿ ಸಣ್ಣದಾಯಿತು. “ಕಡೀಗೆ ಆಕಿ ನನ್ನ ನೆನಸಲೇ ಇಲ್ಲ ಅಂದ್ಬಿಟ್ರ ನಾ ಏನ ಮಾಡ್ಲಿ, ಅಜ್ಜಾರ? ಪುಸ್ತಕ ಹಂಗೆಲ್ಲಾ ಅನ್ನಂಗಿಲ್ಲ.”

ಮರುದಿನ ಸಂಜೆ ದ್ಯಾಮಣ್ಣ ಪಾಠ ಹೇಳಲು ಬಂದಾಗ ಅಜ್ಜ ಎರಡೂ ಕಿವಿಗೆ ಅರಳೆ ಇಟ್ಟುಕೊಂಡು ಕುಳಿತಿದ್ದರು.

ಅವನು ಹೇಳಿದ. ಅಜ್ಜ ನದಿ ನೋಡುತ್ತಿದ್ದರು.

ಎರಡನೆಯ ಸಂಜೆಯೂ ಹಾಗೇ. ಮೂರನೆಯ ಸಂಜೆಯೂ ಹಾಗೇ.

ನಾಲ್ಕನೆಯ ಸಂಜೆ ದ್ಯಾಮಣ್ಣನಿಗೆ ತಡೆಯಲಾಗಲಿಲ್ಲ. ಅವರ ಮುಂದೆ ಹೋಗಿ ನಿಂತು ಕೂಗಿದ:

“ಯಾಕ ಅಜ್ಜಾರ? ನನ್ನ ಪಾಠ ಯಾಕ ಕೇಳವಲ್ರಿ?”

ಅಜ್ಜ ಒಂದು ಕಿವಿಯ ಅರಳೆ ತೆಗೆದರು.

“ಕೇಳಬೇಕಾದಲ್ಲಿ ನೀ ಕೇಳವಲ್ಲಿ. ನಾ ಯಾಕ ಕೇಳಲಿ?”

ಅರಳೆಯನ್ನು ಮತ್ತೆ ಕಿವಿಗೆ ಇಟ್ಟುಕೊಂಡರು.

ಮರುದಿನ ಮೊದಲ ಬಸ್ಸಿಗೆ ದ್ಯಾಮಣ್ಣ ಹೊರಟ.

ಜರೀನಾ ಸಿಸ್ಟರ್ ಈಗ ದೂರದ ಹಳ್ಳಿಯೊಂದರ ಆರೋಗ್ಯ ಕೇಂದ್ರದಲ್ಲಿದ್ದರು. ಎರಡು ಬಸ್ಸು ಬದಲಿಸಿ ಹೋದ. ಕೂಸುಗಳಿಗೆ ಚುಚ್ಚುಮದ್ದು ಹಾಕುವ ದಿನ ಅದು. ಬಾಗಿಲಲ್ಲಿ ಅವನನ್ನು ಕಂಡವರೇ ಜರೀನಾ ಕೈಯಲ್ಲಿದ್ದ ಕಾರ್ಡನ್ನು ಹಾಗೇ ಹಿಡಿದು ನಿಂತರು.

“ಕುಂದರ್ರಿ ದ್ಯಾಮಣ್ಣಾರ. ಇನ್ನ ನಾಕು ಕೂಸು ಅದಾವ.”

ನಾಲ್ಕು ಕೂಸುಗಳು ಅತ್ತು ಮುಗಿಯುವತನಕ ಅವನು ಬೆಂಚಿನ ಮೇಲೆ ಕುಳಿತಿದ್ದ.

ಜರೀನಾ ಕೈ ತೊಳೆದು ಬಂದು ಎದುರಿಗೆ ಕುಳಿತರು.

“ಬರತೀರಿ ಅಂತ ಗೊತ್ತಿತ್ತು. ಇಷ್ಟು ತಡಾ ಮಾಡ್ತೀರಿ ಅಂತ ಗೊತ್ತಿರಲಿಲ್ಲ.”

“ಸಿಸ್ಟರ್, ಆವತ್ತು ಹಿಂದ…”

“ರೈಲ್ವೆ ಗೇಟಿನ ತನಕ ಎಚ್ಚರ ಇದ್ರು,” ಎಂದರು ಜರೀನಾ. “ಗಾಡಿ ಯಾರು ಹೊಡ್ಯಾಕತ್ತಾರ ಅಂತ ಕೇಳಿದ್ರು. ನಿಮ್ಮ ಮನಿಯವರ ಅಂದೆ. ನಕ್ಕರು.”

“ನಕ್ಕಳು?”

“ಹೂಂ. ‘ಹಂಗಾರ ಒಂದು ತಗ್ಗೂ ತಪ್ಪಂಗಿಲ್ಲ’ ಅಂದ್ರು.”

ದ್ಯಾಮಣ್ಣನಿಗೆ ನಗು ಬಂತು. ಬಂದ ನಗು ಅಳುವಾಯಿತು. ಜರೀನಾ ನೀರಿನ ಲೋಟ ಮುಂದಿಟ್ಟರು.

“ಆಮ್ಯಾಲೆ ನೋವು ಜೋರಾತು. ಗಾಡಿ ಜಿಗಿದಾಗೆಲ್ಲಾ ತ್ರಾಸ ಆಗ್ತಿತ್ತು. ‘ಮೆಲ್ಲಕ ಹೊಡಿ ಅನ್ರಿ’ ಅಂದ್ರು. ನಾ ಮೂರು ಸಲ ಕಿಂಡಿ ಬಡದೆ.”

ಆ ಬಡಿತ ದ್ಯಾಮಣ್ಣನಿಗೆ ಕೇಳಿಸಿತ್ತು.

“ಇನ್ನೂ ಜೋರ ಹೊಡಿ ಅನ್ನಾಕತ್ತೀರಿ ಅನ್ಕೊಂಡೆ.”

“ಜೋರ ಹೊಡದ್ರಿ. ನಾ ನಾಕನೇ ಸಲ ಬಡ್ಯಾಕ ಕೈ ಎತ್ತಿದೆ. ಆಗ ಕಸ್ತೂರಕ್ಕ ನನ್ನ ಕೈ ಹಿಡಕೊಂಡ್ರು. ‘ಹೊಡೀಲಿ. ಇಷ್ಟು ವರ್ಷ ಊರ ಮಂದಿ ಸಲುವಾಗಿ ಓಡಿಸ್ಯಾರ. ಇವತ್ತ ನನ್ನ ಸಲುವಾಗಿ ಓಡಸಾಕತ್ತಾರ’ ಅಂದ್ರು. ಹಂಗಂದು ಕಣ್ಣು ಮುಚ್ಚಿದ್ರು.”

ದ್ಯಾಮಣ್ಣ ಎರಡೂ ಕೈಯಿಂದ ಬೆಂಚಿನ ಅಂಚು ಹಿಡಿದುಕೊಂಡ.

“ಆಮ್ಯಾಲೂ ಕೇಳಸ್ತಿತ್ತೇನ್ರಿ ಆಕಿಗಿ?”

“ನೀವು ಹಾರ್ನ್ ಹೊಡದಾಗೊಮ್ಮೆ ಅವರ ಬೆರಳು ನನ್ನ ಕೈಯಾಗ ಅಳ್ಳಾಡ್ತಿತ್ತು. ಅದು ಹಾರ್ನಿಗೋ, ಗಾಡಿ ಜಿಗದದ್ದಕ್ಕೋ ನನಗ ಗೊತ್ತಿಲ್ಲ. ನಾ ಸುಳ್ಳು ಹೇಳಂಗಿಲ್ಲ, ದ್ಯಾಮಣ್ಣಾರ.”

ಹೊರಗೆ ಯಾರೋ ತಾಯಿ ಕೂಸಿಗೆ ಸಮಾಧಾನ ಹೇಳುತ್ತಿದ್ದಳು.

“ನಾನೂ ಒಂದು ಕೇಳಲಿ?” ಎಂದರು ಜರೀನಾ. “ಮಣ್ಣಾಗ ನೀವು ಮಾರಿ ತಿರುವಿದ್ರಿ. ನನ್ನಿಂದ ಏನೋ ತಪ್ಪಾಗೈತಿ, ಅದಕ್ಕ ಹಂಗ ಮಾಡಿದ್ರು ಅನ್ಕೊಂಡೆ. ಮುಂದಿನ ವಾರನ ಗಾಡಿ ಡ್ಯೂಟಿ ಬ್ಯಾಡಂತ ಬರದು ಕೊಟ್ಟೆ. ಡಾಕ್ಟರು ಹೇಳಿದ ಗುಳಿಗಿ ಕೊಟ್ಟಿದ್ದೆ. ಆಕ್ಸಿಜನ್ ಹಚ್ಚಿದ್ದೆ. ಎದಿ ನಿಂತ ಮ್ಯಾಲೆ ಆಸ್ಪತ್ರೆ ಮುಟ್ಟೂತನಕ ಒತ್ತಿದೆ. ಇನ್ನೇನು ಮಾಡಬೇಕಿತ್ತು? ಆರು ವರ್ಷ ಆತು, ಅದನ್ನ ಎಣಸಾಕತ್ತೀನಿ.”

ಇವರಿಗೂ ಆರು ವರ್ಷವಾಗಿದೆ ಎಂಬುದು ದ್ಯಾಮಣ್ಣನಿಗೆ ಒಮ್ಮೆಯೂ ಹೊಳೆದಿರಲಿಲ್ಲ.

ಚೀಲದಿಂದ ನೋಟ್‌ಬುಕ್ ತೆಗೆದ. ಒಂದು ಹೃದಯದ ಚಿತ್ರ ಬರೆದ. ಅದರ ಎಡಕ್ಕೆ ಒಂದು ರಕ್ತನಾಳ ಬರೆದ. ಗೆರೆ ಸೊಟ್ಟಗಾಯಿತು.

“ಇದು ಎದಿಗೇ ರಕ್ತ ಕೊಡೋ ನಾಳ, ಸಿಸ್ಟರ್. ಇಸಿಜಿ ನೋಡಿ ಡಾಕ್ಟರು ದೊಡ್ಡ ನಾಳನ ಕಟ್ಟೈತಿ ಅಂದಿದ್ರು. ಇಲ್ಲಿ, ಬುಡದಾಗ ಕಟ್ಟಿದ್ರ ಕೆಳಗಿನ ಇಷ್ಟೂ ಮಾಂಸಕ್ಕ ಉಸಿರಿಲ್ಲ. ನೀವು ಹಚ್ಚಿದ ಆಕ್ಸಿಜನ್ ರಕ್ತಕ್ಕ ಸೇರಿತ್ತು. ರಕ್ತಕ್ಕ ಮುಂದ ಹೋಗಾಕ ದಾರಿ ಇರಲಿಲ್ಲ. ನೀವು ಮಾಡಿದ್ದೆಲ್ಲಾ ಸರಿ ಐತಿ. ನಾ ಓದೀನಿ. ನೋಡ್ರಿ ಇಲ್ಲಿ.”

ಜರೀನಾ ಆ ಸೊಟ್ಟ ಗೆರೆಯನ್ನು ನೋಡಿದರು. ಸೆರಗಿನಿಂದ ಕಣ್ಣೊರೆಸಿಕೊಂಡರು.

“ಇದು ನನಗೂ ಗೊತ್ತಿತ್ತು, ದ್ಯಾಮಣ್ಣಾರ. ನಿಮ್ಮ ಬಾಯಿಂದ ಬೇಕಾಗಿತ್ತು.”

ಬಸ್ಸಿನ ತನಕ ಬಂದರು. “ಪರೀಕ್ಷೆ ಪಾಸಾದ್ರ ನನಗೂ ಹೇಳ್ರಿ,” ಎಂದರು.

ಅವನು ಆಶ್ರಮ ಮುಟ್ಟಿದಾಗ ಅಜ್ಜ ಮೆಟ್ಟಿಲ ಮೇಲೆ ಕುಳಿತಿದ್ದರು. ಕಿವಿಯಲ್ಲಿ ಅರಳೆ ಇರಲಿಲ್ಲ. ದ್ಯಾಮಣ್ಣ ಒಂದನ್ನೂ ಬಿಡದೆ ಹೇಳಿದ. ಅಜ್ಜ ಒಂದನ್ನೂ ಬಿಡದೆ ಕೇಳಿದರು.

ಕೆಲವು ದಿನ ಅವನು ಚೆನ್ನಾಗಿ ನಿದ್ದೆ ಮಾಡಿದ. ತಪ್ಪಿದ ಪಾಠಗಳನ್ನು ಓದಿಕೊಂಡ. ಸಂಜೆ ಬಂದು ಹೊಟ್ಟೆಯ ವಿಷಯ, ಚರ್ಮದ ವಿಷಯ ಹೇಳಿದ. ಅಜ್ಜ ಎಂದಿನಂತೆ ನಕ್ಕರು.

ಹತ್ತನೆಯ ವಾರ ಒಂದು ಸಂಜೆ ಬಂದಾಗ ಅವನ ಕಣ್ಣು ಊದಿದ್ದವು.

“ಅಜ್ಜಾರ, ಕೇಳೂದು ಕೇಳಿದೆ. ಹೇಳೂದು ಹೇಳಿದೆ. ಎದಿ ಹಗುರಾತು. ಆದರೂ ಆಕಿ ಬೇಕು ಅನ್ನೋದು ಹೋಗವಲ್ದು. ಮೊದಲಿಗಿಂತ ಹೆಚ್ಚಾಗೈತಿ. ಈಗ ಆಕಿ ನಕ್ಕದ್ದೂ ಗೊತ್ತಾಗೈತಲ್ರಿ. ಒಲಿ ಮುಂದ ಕುಂತ್ರ ಆಕಿ ಬೇಕು. ಪುಸ್ತಕ ತೆಗದ್ರ ಆಕಿ ಬೇಕು. ಇದು ಯಾವಾಗ ಹೋಗ್ತೈತಿ?”

“ಇವತ್ತಿನ ಪಾಠ ಹೇಳು,” ಎಂದರು ಅಜ್ಜ.

ದ್ಯಾಮಣ್ಣನಿಗೆ ನೋವಾಯಿತು. ಆದರೂ ಕಣ್ಣೊರೆಸಿಕೊಂಡು ಹೇಳಿದ.

“ಶ್ವಾಸಕೋಶದ್ದು. ಮನುಷ್ಯಾ ಎಷ್ಟು ಜೋರ ಉಸಿರು ಹೊರಗ ಬಿಟ್ರೂ ಒಂದಿಷ್ಟು ಒಳಗ ಉಳೀತೈತ್ರಿ. ಒಂದು ಲೀಟರಿಗಿಂತ ತುಸು ಹೆಚ್ಚು. ಅದನ್ನ ಯಾರಿಗೂ ಹೊರಗ ಹಾಕಾಕ ಆಗಂಗಿಲ್ಲ.”

“ಹಾಕಿದ್ರ?”

“ಒಳಗಿನ ಸಣ್ಣ ಸಣ್ಣ ಚೀಲ ಮುಚ್ಚಿ ಅಂಟಿಬಿಡತಾವಂತ. ಮುಂದಿನ ಉಸಿರು ತಗೊಳ್ಳಾಕ ಭಾಳ ಕಷ್ಟಂತ.”

ಅಜ್ಜ ಬೆನ್ನು ನೆಟ್ಟಗೆ ಮಾಡಿ ಕುಳಿತರು. ನದಿಯ ಕಡೆ ಮುಖ ಮಾಡಿ ಉಸಿರು ಬಿಡತೊಡಗಿದರು. ಬಿಟ್ಟರು, ಬಿಟ್ಟರು, ಇನ್ನೂ ಬಿಟ್ಟರು. ಬೆನ್ನು ಬಾಗಿತು. ಹಣೆ ಮೊಣಕಾಲಿಗೆ ತಾಗಿತು. ಮುಖ ಕೆಂಪಾಗಿ ಕೆಮ್ಮು ಬಂತು. ದ್ಯಾಮಣ್ಣ ಗಾಬರಿಯಿಂದ ಅವರ ಹೆಗಲು ಹಿಡಿದ.

ಅಜ್ಜ ಬಾಗಿದಲ್ಲಿಂದಲೇ ಕೇಳಿದರು:

“ಇನ್ನೂ ಒಳಗ ಉಳದೈತೇನು?”

“ಉಳದೈತ್ರಿ, ಅಜ್ಜಾರ.”

“ಇರಲಿ ಬಿಡು.”