ಕೂತಿರುವ ಶಿಕ್ಷೆ

"ಹಾವು ಬಾರದಂತೆ ಕಾಯುತ್ತೇನೆ" ಎಂದು ನಂಬಿಸಿ, ಮುಂಗುಸಿಯೊಂದು ಕೆಂಚಿ ಎಂಬ ಹೇಂಟೆಯ ಮೊಟ್ಟೆಗಳನ್ನೆಲ್ಲ ತಾನೇ ಕುಡಿದುಬಿಟ್ಟಿತು. ಕೆಂಚಿ ಅಲೆದಲೆದು ಕಾಲು ಸವೆಸಿದ ಮೇಲೆ ಅಂತೂ ಮೊಕದ್ದಮೆ ನ್ಯಾಯಾಧೀಶ ಆಮೆಯ ಮುಂದೆ ಬಂತು.

"ತಪ್ಪಾಯಿತು ಮಹಾಸ್ವಾಮಿ, ಇದೇ ಮೊದಲು," ಎಂದು ಮುಂಗುಸಿ ಕೈಮುಗಿಯಿತು.

"ತಪ್ಪೊಪ್ಪಿಕೊಂಡಿದ್ದಾನೆ. ಇಂದಿನ ಕಲಾಪ ಮುಗಿಯುವ ತನಕ ಇಲ್ಲೇ ಕೂತಿರಲಿ. ಅದೇ ಶಿಕ್ಷೆ," ಎಂದಿತು ಆಮೆ.

ಕೆಂಚಿ ಕೆಂಡಾಮಂಡಲವಾಯಿತು. "ಕೂರುವುದೇ ಶಿಕ್ಷೆಯಾದರೆ, ಹಸಿವು ಬಾಯಾರಿಕೆ ಮರೆತು ಆ ಮೊಟ್ಟೆಗಳ ಮೇಲೆ ಕೂತಿದ್ದೆನಲ್ಲ, ನಾನು ಯಾವ ಅಪರಾಧ ಮಾಡಿದ್ದೆ ಸ್ವಾಮಿ?"

"ಇಂದಿನ ಕಲಾಪ ಮುಗಿಯಿತು," ಎಂದು ಆಮೆ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡಿತು. ಮುಂಗುಸಿ ಮೈ ಕೊಡವಿ ಎದ್ದು, ಊರಿನ ಕೋಳಿಗೂಡುಗಳ ಕಡೆಗೇ ನಡೆಯಿತು.