ದೊನಾತೊ ಡಾಕ್ಟರ ಕಡೆಯ ಸಾಲು

ತುಂಗಭದ್ರೆಯ ದಂಡೆಯಲ್ಲಿ ಮುರಿಗೆಯ್ಯಜ್ಜನ ಆಶ್ರಮ. ಅಲ್ಲಿ ಇಟಲಿಯ ಭಾಷೆ ಕಲಿಸುತ್ತಾರೆಂದರೆ ಯಾರೂ ನಂಬುತ್ತಿರಲಿಲ್ಲ. ಆದರೆ ಕಲಿಸುತ್ತಿದ್ದರು, ಅದೂ ಕಲ್ಲಿನಿಂದ.

ಬೇವಿನ ಮರದ ಕೆಳಗೆ ಕಲ್ಲಿನ ಸಾಲುಗಳಿದ್ದವು. ಒಂದು ಸಾಲೆಂದರೆ ವಿಜ್ಞಾನದ ಒಂದು ಪದ. ಪದವನ್ನು ತುಂಡು ಮಾಡಿ, ತುಂಡಿಗೊಂದು ಹರಳು. ದನಿ ಒತ್ತಬೇಕಾದಲ್ಲಿ ದೊಡ್ಡ ಕಲ್ಲು. ಶಿಷ್ಯರು ಸಾಲಿನ ಪಕ್ಕ ನಡೆಯುತ್ತ ಪದ ಹೇಳಬೇಕು.

ನೀಲವ್ವ ಮೂರು ವರ್ಷ ಹಾಗೆ ನಡೆದಿದ್ದಳು. ಮರುದಿನ ಇಟಲಿಯ ಪರೀಕ್ಷಕರೆದುರು ಅವಳಿಗೆ ಮೌಖಿಕ ಪರೀಕ್ಷೆ. ಗೆದ್ದರೆ ಅಲ್ಲಿ ವೈದ್ಯಕೀಯ ಓದಬಹುದು.

ಕಡೆಯ ಸಾಲನ್ನು ಮಾತ್ರ ಅಜ್ಜ ಯಾವತ್ತೂ ಕಲಿಸಿರಲಿಲ್ಲ. ಆ ಸಂಜೆ ಅವಳೇ ನಿಘಂಟು ಹಿಡಿದು ಕೂತಳು. ತೆರ್-ಮೊ-ಮೆ-ತ್ರೊ. ಜ್ವರ ನೋಡುವ ಥರ್ಮಾಮೀಟರು. ಒತ್ತು ಎರಡನೆಯ ತುಂಡಿಗೆ ಎಂದಿತ್ತು ನಿಘಂಟು. ದೊಡ್ಡ ಕಲ್ಲು ಮೂರನೆಯ ಜಾಗದಲ್ಲಿತ್ತು.

ಅವಳು ಅಜ್ಜನನ್ನು ಕೂಗಿ ಕರೆದಳು.

“ಅಜ್ಜಾರ, ಈ ಕಲ್ಲ ತಪ್ಪೈತ್ರಿ.”

“ಹೌದವ್ವ.”

“ಹಂಗಾರ ನಾ ಕಲ್ತದ್ದೆಲ್ಲಾ?”

“ಉಳಿದದ್ದೆಲ್ಲಾ ಖರೆ ಐತಿ. ನಿಘಂಟ ನಿನ್ನ ಕೈಯಾಗ ಐತಲ್ಲ, ನೋಡ್ಕೊ.”

ಒಂದೊಂದೇ ಸಾಲು ನೋಡಿದಳು. ಎಲ್ಲ ಸರಿಯಿದ್ದವು. ಜೀವ ತಂಪಾಯಿತು, ಹಿಂದೆಯೇ ಸಿಟ್ಟೂ ಬಂತು.

“ತಪ್ಪಂತ ಗೊತ್ತಿದ್ದೂ ಯಾಕ ಬಿಟ್ರಿ?”

ಅಜ್ಜ ಆ ಸಾಲಿನ ಪಕ್ಕ ಮೆಲ್ಲಗೆ ಕೂತರು.

“ದೊನಾತೊ ಅಂತ ಇಟಲಿ ಡಾಕ್ಟರು ಇಲ್ಲಿ ದವಾಖಾನಿ ಇಟ್ಟಿದ್ರು. ನಾ ಅವರ ಕಂಪೌಂಡರ. ಎಲ್ಲಾ ಸಾಲು ಅವರು ಹೇಳಿದ್ದು, ನಾ ಇಟ್ಟದ್ದು. ಇದು ಕಡೀದು. ಅವತ್ತ ಅವರಿಗೇ ಜ್ವರ ಬಂದಿತ್ತು. ನಾ ತಪ್ಪಿಟ್ಟೆ. ನೋಡಿ ನಕ್ಕರು. ‘ನಾಳಿಗೆ ನೀನ ಸರಿ ಮಾಡು, ನಾ ನೋಡ್ತೇನಿ’ ಅಂದು ಒಳಗ ಹೋಗಿ ಮಲಗಿದ್ರು. ಮತ್ತ ಏಳಲಿಲ್ಲ.”

ಹೇಳುವಾಗ ಅವರ ಮುಖ ಇಪ್ಪತ್ತರ ಹುಡುಗನದಾಗಿತ್ತು. ನಲವತ್ತೊಂದು ವರ್ಷ ಕಳೆದರೂ ಡಾಕ್ಟರು ಹೇಳಿದ ಆ ‘ನಾಳೆ’ಯ ಮೇಲಿನ ಆಸೆ ಅವರಿಗೆ ತೀರಿರಲಿಲ್ಲ.

ನೀಲವ್ವನ ಸಿಟ್ಟು ಇಳಿಯಿತು. ಎದ್ದು ಸಾಲಿನ ಪಕ್ಕ ನಡೆದಳು. ಎರಡನೆಯ ಹರಳಿನ ಹತ್ತಿರ ದನಿ ಒತ್ತಿ, ಪದವನ್ನು ಸರಿಯಾಗಿ ಹೇಳಿದಳು.

ಅಜ್ಜ ತಲೆಯಾಡಿಸಿದರು.

“ಈಗ ನೀವ ಸರಿ ಮಾಡ್ರಿ, ಅಜ್ಜಾರ,” ಎಂದಳು. “ನಾ ನೋಡ್ತೇನಿ.”

ಅಜ್ಜ ದೊಡ್ಡ ಕಲ್ಲನ್ನು ಎತ್ತಿದರು. ಅಂಟಿದ್ದ ಮಣ್ಣನ್ನು ಹೆಬ್ಬೆರಳಿನಿಂದ ಒರೆಸಿದರು. ಬಹಳ ಹೊತ್ತು ಕೈಯಲ್ಲಿ ಹಿಡಿದಿದ್ದು, ಮತ್ತೆ ಅದೇ ಕುಳಿಯಲ್ಲಿಟ್ಟರು.

“ಇವತ್ತ ಬ್ಯಾಡವ್ವ,” ಎಂದರು. “ನಾಳಿಗೆ ಮಾಡ್ತೇನಿ.”