ಬಿಳಿಕಲ್ಲಹಟ್ಟಿಯ ಕಂಬಳಿಗುಡ್ಡೆ

ಬಿಳಿಕಲ್ಲಹಟ್ಟಿಯ ಹಿಂದಿನ ಬೋಳುಬೆಟ್ಟ ಹತ್ತಿದರೆ ನೆತ್ತಿಯ ಮೇಲೆ ಎರಡಾಳೆತ್ತರದ ಕಲ್ಲಿನ ರಾಶಿಯೊಂದು ಕಾಣುತ್ತದೆ. ಅದೇ ಕಂಬಳಿಗುಡ್ಡೆ. ಯಾರೋ ಪುಣ್ಯಾತ್ಮರು ಪಕ್ಕದಲ್ಲೊಂದು ಫಲಕ ನೆಟ್ಟು, ಕಾಳ್ಗಿಚ್ಚಿನಲ್ಲಿ ಮಡಿದ ಪ್ರಜೆಯ ನೆನಪಿಗೆ ಪಾಳೆಯಗಾರರು ಪ್ರೀತಿಯಿಂದ ಕಟ್ಟಿಸಿದ್ದು ಎಂದು ಬರೆಸಿದ್ದಾರೆ. ಪ್ರೀತಿಯಂತೆ. ಓದಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ನಮ್ಮ ಹಿರಿಯರು ಹೇಳಿಕೊಂಡು ಬಂದದ್ದು ಬೇರೆಯೇ ಇದೆ.

ಹಿಂದೆ ಒಮ್ಮೆ, ಈ ಸೀಮೆ ಪಾಳೆಯಗಾರರ ಕೈಯಲ್ಲಿದ್ದಾಗ, ಹಟ್ಟಿಯ ಕುರುಬರು ಈ ಬೆಟ್ಟದಲ್ಲೇ ಕುರಿ ಮೇಯಿಸುತ್ತಿದ್ದರು. ಕುರಿ ಮೇಯ್ದ ಬೆಟ್ಟದಲ್ಲಿ ಬೆಂಕಿ ಬಿದ್ದರೂ ಹರಡುವುದಿಲ್ಲ, ಸುಡಲು ಹುಲ್ಲೇ ಉಳಿದಿರುವುದಿಲ್ಲ. ಒಂದು ವರ್ಷ ಅರಮನೆಯ ಪಾರುಪತ್ಯಗಾರ ಬಂದು, ಬೆಟ್ಟದ ಹುಲ್ಲೆಲ್ಲ ಇನ್ನು ಲಾಯದ ಕುದುರೆಗಳಿಗೆ ಮೀಸಲು, ಕುರಿ ಹತ್ತಿಸಿದವರ ಕಾಲು ಮುರಿಸುತ್ತೇನೆ ಎಂದು ಡಂಗುರ ಹೊಡೆಸಿದ. ಹುಲ್ಲು ಎದೆಮಟ್ಟ ಬೆಳೆದು ಒಣಗಿತು. ಕೊಯ್ಯಿಸುವವರು ಯಾರು? ಆತನಿಗೆ ಅಪ್ಪಣೆ ಕೊಡಲು ಬರುತ್ತಿತ್ತು, ಕೆಲಸ ಮಾಡಿಸಲು ಬರುತ್ತಿರಲಿಲ್ಲ. ಶಿವರಾತ್ರಿ ಕಳೆದ ಮೇಲೆ ಒಂದು ಮಧ್ಯಾಹ್ನ ಬೆಟ್ಟದ ಆಚೆ ಬದಿಗೆ ಬೆಂಕಿ ಬಿತ್ತು. ಗಾಳಿ ಹಟ್ಟಿಯ ಕಡೆಗೇ ಬೀಸುತ್ತಿತ್ತು. ಕೆಳಗೆ ಹುಲ್ಲುಗುಡಿಸಲು, ರೊಪ್ಪದ ತುಂಬ ಕುರಿಮರಿ, ನಡೆಯಲಾರದ ಮುದುಕರು.

ಕೋಟೆಯಿಂದ ಒಬ್ಬ ಆಳೂ ಬರಲಿಲ್ಲ. ಬಂದವರು ಸುತ್ತಲ ಹಟ್ಟಿಗಳ ಜನ. ಯಾರೂ ಕರೆಯದೆ, ಹೊಗೆ ನೋಡಿ ಓಡಿ ಬಂದವರು. ನಮ್ಮ ಹಟ್ಟಿಯಲ್ಲಿ ಕಂಬಳಿ ನೇಯುತ್ತಿದ್ದ ಮುದ್ದೀರ ಅವರಿಗೆ ಮುಂದಾಳಾದ. ನೆನೆದ ಉಣ್ಣೆ ಉರಿ ಹಿಡಿಯುವುದಿಲ್ಲ, ಬೆಂಕಿ ಬಡಿಯಲು ಅದಕ್ಕಿಂತ ಒಳ್ಳೆಯದಿಲ್ಲ ಎಂಬುದು ಕುರುಬರಿಗೆ ಹೇಳಿಕೊಡಬೇಕೇ? ಆದರೆ ಹೆಗಲ ಮೇಲಿದ್ದ ಹಳೆಯ ಕಂಬಳಿಗಳು ನಾಲ್ಕು ಬಡಿತಕ್ಕೇ ಹರಿದವು. ಗಟ್ಟಿಯಾದ ಹೊಸವೆಲ್ಲ ಅರಮನೆಗೆ ಸಲ್ಲಬೇಕಾದ ಕಾಣಿಕೆಯೆಂದು ಹಟ್ಟಿಯ ಉಗ್ರಾಣದಲ್ಲಿದ್ದವು, ಬೀಗದಕೈ ಪಾರುಪತ್ಯಗಾರನ ಸೊಂಟದಲ್ಲಿತ್ತು. ಕಾಣಿಕೆ ಎಣಿಸಲು ಅಂದು ಹಟ್ಟಿಗೆ ಬಂದಿದ್ದ ಆತ, ಕೇಳಿದರೂ ಕೊಡಲಿಲ್ಲ. ಮುದ್ದೀರ ಮಾತು ಬೆಳೆಸದೆ ಒನಕೆಯಿಂದ ಬಾಗಿಲು ಒಡೆದ. ಹೆಂಗಸರು ಕಂಬಳಿಗಳನ್ನು ಕಟ್ಟೆಯ ನೀರಲ್ಲಿ ಅದ್ದಿ ಅದ್ದಿ ಮೇಲಕ್ಕೆ ಹೊತ್ತರು, ಗಂಡಸರು ಸಾಲಾಗಿ ನಿಂತು ಬಡಿದರು. ಹೊತ್ತು ಮುಳುಗುವಷ್ಟರಲ್ಲಿ ಬೆಂಕಿ ನೆತ್ತಿಯ ಮೇಲೆಯೇ ಸತ್ತಿತು. ಹೊಗೆ ಕುಡಿದು ಮುದ್ದೀರನೂ ಅಲ್ಲೇ ಸತ್ತ. ಮರುದಿನ ಬೆಳಿಗ್ಗೆ ಅವನನ್ನು ಅವನ ಕೈಯಲ್ಲಿದ್ದ ಕಂಬಳಿಯಲ್ಲೇ ಸುತ್ತಿ ಬಿದ್ದ ಜಾಗದಲ್ಲಿಯೇ ಮಣ್ಣು ಮಾಡಿದರು.

ಆ ಮಣ್ಣು ಆರುವ ಮೊದಲೇ ಪಾರುಪತ್ಯಗಾರ ಕುದುರೆ ಏರಿ ನೆತ್ತಿಗೆ ಬಂದ. ಸಮಾಧಾನ ಹೇಳಲು ಬಂದನೆಂದು ಹಿರಿಯರು ಎದ್ದು ನಿಂತರಂತೆ, ಪಾಪ. ಆತ ಕೇಳಿದ್ದು ಕಂಬಳಿ. ಸುಟ್ಟವು, ಸೀದವು, ಅಂಚು ಹೋದವು, ಎಲ್ಲವನ್ನೂ ಆಯ್ದು ತಂದು ಅವನ ಮುಂದೆ ಸುರಿದರು. ಒಂದು ಕಡಿಮೆ ಇದೆ ಎಂದ. ಅದು ಎಲ್ಲಿದೆಯೆಂದು ಹೇಳಿದರು. "ಅದು ಅರಮನೆ ಸೊತ್ತು. ಹೆಣಕ್ಕೆ ಹೊದಿಸಿ ಅಂದೋರ್ಯಾರು? ತೆಗೀರಿ" ಎಂದನಂತೆ. ಆ ಬಾಯಿಗೆ ಹುಳ ಬೀಳಲಿಲ್ಲವಲ್ಲ ಎಂದು ನನಗೆ ಇವತ್ತಿಗೂ ಸಿಟ್ಟಿದೆ.

ಮುದ್ದೀರನ ಹೆಂಡತಿ ರೇವವ್ವ ಮುಂದೆ ಬಂದಳು. "ನೂಲು ನಂದು, ನೇದಿದ್ದು ನನ್ ಗಂಡ. ಬೆಂಕಿ ಮುಂದೆ ನಿಂತಿದ್ದೂ ಅವ್ನೇ. ನಿಮ್ಮ ಅರಮನೇದು ಏನೈತೆ ಅದ್ರಾಗೆ?" ಎಂದಳು. ಆತ ಹಾರೆ ತರಲು ಜೊತೆಗಿದ್ದ ಆಳುಗಳನ್ನು ಕಳಿಸಿದ. ಅವರು ಬರುವ ಮೊದಲೇ ರೇವವ್ವ ಹೊರಲಾರದ ಕಲ್ಲೊಂದನ್ನು ಎದೆಗವಚಿ ತಂದು ಗಂಡನ ಗುಂಡಿಯ ಮೇಲೆ ಹಾಕಿ, "ಈಗ ತೆಗಿ" ಎಂದಳು. ಹಿಂದೆ ನಿಂತವರಿಗೆ ಅಷ್ಟು ಸಾಕಾಯಿತು. ಬೊಬ್ಬೆ ಎದ್ದ ಕೈಗಳಲ್ಲೇ ಒಬ್ಬೊಬ್ಬರೂ ಕಲ್ಲು ತಂದು ಹಾಕಿ, ಅದೇ ಮಾತು ಹೇಳಿದರು. ಹಾರೆ ಹಿಡಿದು ಬಂದ ಆಳುಗಳು ಆ ಕೈಗಳನ್ನು ನೋಡಿ, ಹಾರೆ ಕೆಳಗಿಟ್ಟು, ತಾವೂ ಒಂದೊಂದು ಕಲ್ಲು ಹಾಕಿದರು ಎನ್ನುತ್ತಾರೆ. ಪಾರುಪತ್ಯಗಾರ ಬಂದ ದಾರಿಯಲ್ಲೇ ಇಳಿದು ಹೋದ.

ಕಂಬಳಿ ರಾಶಿಯ ಅಡಿಯಲ್ಲೇ ಉಳಿಯಿತು. ಹಟ್ಟಿಯವರು ಇಂದಿಗೂ ಬೆಟ್ಟ ಹತ್ತುವಾಗ ಕೆಳಗಿನಿಂದ ಒಂದು ಕಲ್ಲು ಹೊತ್ತೊಯ್ದು ಅದರ ಮೇಲೆ ಹಾಕುತ್ತಾರೆ. ನೋಡಲು ಬಂದವರು ಇದನ್ನು ಹರಕೆ ಎಂದುಕೊಂಡು, ಕಲ್ಲಿಗೆ ಕುಂಕುಮ ಹಚ್ಚಿ, ಏನು ಬೇಡಿಕೊಳ್ಳಬೇಕು ಎಂದು ನಮ್ಮನ್ನು ಕೇಳುತ್ತಾರೆ. ಇಲ್ಲಿ ಬೇಡಿಕೊಳ್ಳುವುದು ಏನೂ ಇಲ್ಲ. ಕಲ್ಲು ಹಾಕಿ, "ಈಗ ತೆಗಿ" ಎಂದು ಹೇಳಿ ಇಳಿಯಬೇಕು.